ಮುದಿ ಹೇಂಟೆಗೆ ಒಣ ಅವರೆ ಜೊತೆ: ಮಧ್ಯಾಹ್ನಕ್ಕೊಂದು ಗಟ್ಟಿ ಸಾರು

ರಾಗಿ ಸೀಮೆಯ ಸಣ್ಣ ರೈತರ ಮನೆಯಿಂದ ಎರಡು ವಸ್ತುಗಳು ತೀರಾ ಅಗ್ಗದಲ್ಲಿ ಹೊರಗೆ ಹೋಗುತ್ತವೆ. ಒಂದು, ಕಣದಲ್ಲೇ ಅಳೆದು ಕೊಟ್ಟುಬಿಡುವ ಒಣ ಅವರೆಕಾಳು. ಇನ್ನೊಂದು, ಮೊಟ್ಟೆ ನಿಲ್ಲಿಸಿದ ಹೇಂಟೆ. ಅವರೆಯನ್ನು ಸುಗ್ಗಿಯಲ್ಲಿ ವ್ಯಾಪಾರಿ ಹೇಳಿದ ದರಕ್ಕೆ ಕೊಡುತ್ತೇವೆ. ಮುಂಗಾರಿನ ಹೊತ್ತಿಗೆ ಅದೇ ಕಾಳನ್ನು ಅಂಗಡಿಯಿಂದ ಪಾವು, ಅಚ್ಚೇರು ಲೆಕ್ಕದಲ್ಲಿ ತರುತ್ತೇವೆ. ಹೇಂಟೆಯ ಕತೆಯೂ ಅಷ್ಟೆ. "ಮುದುಕಿ ಆಯ್ತು, ಮಾಂಸ ಬೇಯಲ್ಲ" ಅಂತ ಮನೆಬಾಗಿಲಿಗೆ ಬಂದವರಿಗೆ ಕೊಟ್ಟುಬಿಡುತ್ತೇವೆ. ಹಬ್ಬ ಬಂದಾಗ ಪೇಟೆಗೆ ಹೋಗಿ ಫಾರಂ ಕೋಳಿ ತರುತ್ತೇವೆ.

ಇತ್ತ ಮಧ್ಯಾಹ್ನದ ಊಟ ನೋಡಿ. ಬೆಳಗ್ಗೆಯಿಂದ ಕಳೆ ಕಿತ್ತು, ಗೊಬ್ಬರ ಹೊತ್ತು ಬಂದವರ ತಟ್ಟೆಯಲ್ಲಿ ಒಂದು ಮುದ್ದೆ, ಮೇಲೆ ಹುಣಸೆ ನೀರಿನಂಥ ತಿಳಿಸಾರು. ಹೊಟ್ಟೆ ತುಂಬುತ್ತದೆ, ನಿಜ. ಆದರೆ ದುಡಿಯುವ ಮೈಗೆ ಬೇಕಾದ ಪ್ರೋಟೀನು ಅದರಲ್ಲಿ ಎಷ್ಟಿದೆ?

ಈ ಎರಡು ಅಗ್ಗದ ವಸ್ತುಗಳನ್ನೇ ಸೇರಿಸಿ ಮಾಡುವ ಸಾರಿನ ವಿಚಾರ ಇಲ್ಲಿದೆ. ಹೊಸದೇನಲ್ಲ. ಬೆಂಗಳೂರು, ರಾಮನಗರ, ಮಂಡ್ಯ, ತುಮಕೂರು, ಕೋಲಾರದ ಕಡೆ ಕೋಳಿ ಸಾರಿಗೆ ಅವರೆಕಾಳು ಹಾಕುವುದು ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನೇ ಹಬ್ಬದಿಂದ ಬಿಡಿಸಿ, ಕೆಲಸದ ದಿನದ ಊಟಕ್ಕೆ ತರಬಹುದೇ ಎಂಬುದು ಪ್ರಶ್ನೆ. ತರಬಹುದು. ಎಣ್ಣೆ, ಮಸಾಲೆ ಇಳಿಸಬೇಕು, ಕಾಳು ಏರಿಸಬೇಕು, ಬೇಯಿಸುವ ಕ್ರಮ ತಿಳಿದಿರಬೇಕು.

ಮೊದಲು ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ 65 ಕಿಲೊ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೊ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಪ್ರೋಟೀನು ಬೇಕು. ಬಸುರಿ, ಬಾಣಂತಿಯರಿಗೆ ಇನ್ನೂ ಹೆಚ್ಚು.

100 ಗ್ರಾಂ ರಾಗಿ ಹಿಟ್ಟಿನಲ್ಲಿ ಸಿಗುವುದು 7 ಗ್ರಾಂ ಆಸುಪಾಸು. ಅಂದರೆ ಮುದ್ದೆ ಎಷ್ಟೇ ದೊಡ್ಡದಿರಲಿ, ಅದೊಂದರಿಂದಲೇ ಲೆಕ್ಕ ತುಂಬುವುದಿಲ್ಲ.

ಈಗ ಸಾರಿನ ಲೆಕ್ಕ. ಒಂದೂವರೆ ಕಿಲೊ ತೂಗುವ ಹೇಂಟೆ ಶುಚಿ ಮಾಡಿದ ಮೇಲೆ ಸುಮಾರು ಒಂದು ಕಿಲೊ ಉಳಿಯುತ್ತದೆ. ಮೂಳೆ ಬಿಟ್ಟರೆ ತಿನ್ನುವ ಭಾಗ 600 ಗ್ರಾಂ ಎಂದಿಟ್ಟುಕೊಳ್ಳಿ. ಮಾಂಸದಲ್ಲಿ ಐದನೇ ಒಂದು ಭಾಗ ಪ್ರೋಟೀನು. ಹಾಗಾಗಿ 120 ಗ್ರಾಂ. ಒಣ ಅವರೆಯಲ್ಲಿ ನೂರಕ್ಕೆ 20ರಿಂದ 25 ಇರುತ್ತದೆ. ಕಡಿಮೆಯದ್ದನ್ನೇ ಹಿಡಿದರೂ ಕಾಲು ಕಿಲೊ ಕಾಳಿನಿಂದ 50 ಗ್ರಾಂ. ಒಟ್ಟು 170. ಆರು ಜನರಿಗೆ ಹಂಚಿದರೆ ತಲಾ 28 ಗ್ರಾಂ. 100 ಗ್ರಾಂ ಹಿಟ್ಟಿನ ಮುದ್ದೆ ಸೇರಿಸಿದರೆ 35. ಗಂಡಸಿಗೆ ದಿನಕ್ಕೆ ಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು, ಹೆಂಗಸಿಗೆ ಮುಕ್ಕಾಲು ಭಾಗ ಒಂದೇ ಊಟದಲ್ಲಿ ಬಂತು.

ಕಾಳು ಹಾಕದೆ ಇಷ್ಟೇ ಪ್ರೋಟೀನು ಬೇಕೆಂದರೆ ಹತ್ತಿರ ಹತ್ತಿರ ಇನ್ನರ್ಧ ಕೋಳಿ ಬೇಕು. ಕಾಲು ಕಿಲೊ ಅವರೆ ಅರ್ಧ ಕೋಳಿಯ ಕೆಲಸ ಮಾಡಿತು ಎಂದಾಯಿತು.

ಇನ್ನೊಂದು ಲಾಭವೂ ಇದೆ. ರಾಗಿಯಂಥ ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಅವರೆಯಲ್ಲಿ ಅದು ಧಾರಾಳ. ಅವರೆಯಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅಂಶವನ್ನು ರಾಗಿ ಕೊಡುತ್ತದೆ. ರಾಗಿ ಹೊಲದಲ್ಲಿ ಅವರೆಯನ್ನು ಅಕ್ಕಡಿ ಸಾಲಾಗಿ ಹಾಕಿದ ಹಿರಿಯರು ತಟ್ಟೆಯಲ್ಲೂ ಎರಡನ್ನು ಜೊತೆಯಾಗಿಯೇ ಇಟ್ಟರು.

ಯಾವ ಹೇಂಟೆ ತೆಗೆಯಬೇಕು?

ಹೊಲದ ಹತ್ತಿರ ಇರುವ ಹೇಂಟೆಗಳಲ್ಲಿ ಯಾವುದು ಮೊಟ್ಟೆ ಇಡುತ್ತಿದೆ, ಯಾವುದು ಸುಮ್ಮನೆ ಕಾಳು ತಿನ್ನುತ್ತಿದೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ.

ಸಂಜೆ ಗೂಡಿಗೆ ಬಂದಾಗ ಹಿಡಿದು ನೋಡಿ. ಮೊಟ್ಟೆ ಇಡುವ ಹೇಂಟೆಯ ಜುಟ್ಟು ಕೆಂಪಗೆ, ತುಂಬಿಕೊಂಡು, ಮೆತ್ತಗಿರುತ್ತದೆ. ನಿಲ್ಲಿಸಿದ್ದರ ಜುಟ್ಟು ಸೊರಗಿ, ಬಣ್ಣ ಕಳೆದು ಒಣಗಿರುತ್ತದೆ. ಗುದದ್ವಾರದ ಎರಡೂ ಪಕ್ಕ ಎರಡು ಮೂಳೆ ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇದ್ದರೆ ಮೊಟ್ಟೆ ನಡೆಯುತ್ತಿದೆ. ಒಂದು ಬೆರಳು ಇಡುವುದೇ ಕಷ್ಟವಾದರೆ ನಿಂತಿದೆ.

ಎರಡು ಎಚ್ಚರ ಬೇಕು. ಕಾವು ಕೂತ ಹೇಂಟೆಯೂ ಮೊಟ್ಟೆ ಇಡುವುದಿಲ್ಲ. ಪುಕ್ಕ ಉದುರಿಸುವ ಕಾಲದಲ್ಲೂ ನಿಲ್ಲಿಸುತ್ತದೆ. ಇವೆರಡೂ ಸ್ವಲ್ಪ ದಿನದ ಮಾತು. ಆತುರ ಪಟ್ಟು ಒಳ್ಳೆಯ ಹೇಂಟೆಯನ್ನು ಸಾರಿಗೆ ಹಾಕಬೇಡಿ. ಒಂದು ತಿಂಗಳು ನೋಡಿ ತೀರ್ಮಾನ ಮಾಡಿ. ಹೆಚ್ಚಾದ ಹುಂಜಗಳನ್ನಂತೂ ಇಟ್ಟುಕೊಂಡು ಪ್ರಯೋಜನವಿಲ್ಲ. ಹತ್ತು ಹೇಂಟೆಗೆ ಒಂದು ಹುಂಜ ಸಾಕು.

ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳನ್ನು ಸಾಕಿದವರೂ ಇದೇ ರೀತಿ ಆರಿಸಬಹುದು. ಅವು ನಾಟಿಗಿಂತ ದೊಡ್ಡವು. ಒಂದು ಹಕ್ಕಿ ಹತ್ತು ಜನರಿಗೆ ಬರುತ್ತದೆ.

ಒಂದು ಮಾತು ಮಾತ್ರ ಕಡ್ಡಾಯ. ತೂಕಡಿಸುವ, ಬಿಳಿ ಅಥವಾ ಹಸಿರು ಭೇದಿ ಮಾಡುವ, ಕತ್ತು ತಿರುಚುವ ಕೋಳಿಯನ್ನು "ಸಾಯುವ ಮೊದಲು ಕೊಯ್ದುಬಿಡೋಣ" ಎಂದು ಕೊಯ್ಯಬಾರದು. ಕೊಕ್ಕರೆ ರೋಗವೋ ಮತ್ತೊಂದೋ ಮನೆಯಂಗಳದಲ್ಲಿ ಹೇಳುವುದು ಸಾಧ್ಯವಿಲ್ಲ. ಕೊಯ್ದಾಗ ರಕ್ತ, ಪುಕ್ಕ ಚೆಲ್ಲಿ ಉಳಿದ ಕೋಳಿಗಳಿಗೂ ಅಂಟುತ್ತದೆ. ಹಕ್ಕಿಜ್ವರವಾದರೆ ಮನುಷ್ಯರಿಗೂ ಅಪಾಯ. ಪಶುವೈದ್ಯರಿಗೆ ತಿಳಿಸಿ. ಸತ್ತದ್ದನ್ನು ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಔಷಧಿ ಕೊಟ್ಟ ಕೋಳಿಯಾದರೆ ಎಷ್ಟು ದಿನ ಮಾಂಸ ಬಳಸಬಾರದು ಎಂದು ಔಷಧಿಯ ಡಬ್ಬಿಯ ಮೇಲೇ ಬರೆದಿರುತ್ತದೆ. ಅದನ್ನು ಓದಿ.

ಮುದಿ ಮಾಂಸ ಬೇಯೋಲ್ಲ ಅನ್ನುವುದು

ಬೇಯುತ್ತದೆ. ಬೇಯಿಸುವ ರೀತಿ ಬೇರೆ, ಅಷ್ಟೆ. ಕೋಳಿಗೆ ವಯಸ್ಸಾದಂತೆ ಮಾಂಸದ ಎಳೆಗಳನ್ನು ಕಟ್ಟಿಹಾಕುವ ಕೊಲಾಜನ್ ಎಂಬ ನಾರು ಗಟ್ಟಿಯಾಗುತ್ತದೆ. ಇದನ್ನು ಎಣ್ಣೆಯಲ್ಲಿ ಹುರಿದರೆ, ಕೆಂಡದಲ್ಲಿ ಸುಟ್ಟರೆ ಚರ್ಮದಂತಾಗುತ್ತದೆ. ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಹೊತ್ತು ಹಿಡಿದು ಕುದಿಸಿದರೆ ಆ ನಾರು ಕರಗಿ ಸಾರಿಗೆ ಇಳಿಯುತ್ತದೆ. ಸಾರು ಮಂದವಾಗುವುದು, ಆರಿದ ಮೇಲೆ ಹೆಪ್ಪುಗಟ್ಟುವುದು ಇದರಿಂದಲೇ. ಎಳೆಯ ಫಾರಂ ಕೋಳಿಯಲ್ಲಿ ಈ ಗುಣ ಕಡಿಮೆ. ಹಾಗಾಗಿ ಸಾರಿಗೆ ಮುದಿ ಹೇಂಟೆಯೇ ಮೇಲು.

ಉರಿ ಜೋರು ಮಾಡಿ ಕೊತಕೊತ ಕುದಿಸಿದರೆ ಮಾಂಸ ಬಿಗಿಯುತ್ತದೆ. ಒಲೆಯಲ್ಲಿ ಒಂದೇ ಕೊಳ್ಳಿ ಉಳಿಸಿ, ಸಾರಿನ ಮೇಲೆ ಆಗೊಂದು ಈಗೊಂದು ಗುಳ್ಳೆ ಏಳುವ ಹದ ಸರಿ. ಒಂದೂವರೆಯಿಂದ ಎರಡು ಗಂಟೆ ಬೇಕು. ಕುಕ್ಕರಿನಲ್ಲಾದರೆ ಆರರಿಂದ ಎಂಟು ಕೂಗು.

ಕಾಳು ಬೇಯದಿರಲು ಕಾರಣಗಳು

"ನಮ್ಮನೆ ಅವರೆ ಎಷ್ಟು ಬೇಯಿಸಿದರೂ ಕಲ್ಲಿನಂಗೇ ಇರ್ತದೆ" ಎಂಬ ದೂರು ಸಾಮಾನ್ಯ. ಕಾರಣಗಳು ಇವು:

ಒಂದು, ಕಾಳು ಹಳೆಯದು. ವರ್ಷ ಕಳೆದ ಕಾಳು, ಅದರಲ್ಲೂ ಸೆಕೆಯ ಜಾಗದಲ್ಲಿ ಇಟ್ಟದ್ದು ಬೇಗ ಬೇಯುವುದಿಲ್ಲ.

ಎರಡು, ನೀರು ಗಡಸು. ಆಳದ ಕೊಳವೆಬಾವಿ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದರೆ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ. ಮಳೆ ನೀರು ಹಿಡಿದಿಟ್ಟವರು ಅದನ್ನೇ ಬಳಸಿ. ಇಲ್ಲದಿದ್ದರೆ ಹಿಂದಿನ ದಿನ ನೀರು ಕುದಿಸಿ, ತಳದಲ್ಲಿ ಬಿಳಿ ಪುಡಿ ಕೂತ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಗಡಸುತನ ಎಷ್ಟೋ ಇಳಿಯುತ್ತದೆ.

ಮೂರು, ಹುಳಿ ಮೊದಲೇ ಬಿದ್ದಿದೆ. ಟೊಮೆಟೊ, ಹುಣಸೆಹಣ್ಣು ಯಾವುದೇ ಇರಲಿ, ಹುಳಿ ಸೇರಿದ ಮೇಲೆ ಕಾಳು ಬೇಯುವುದು ನಿಧಾನವಾಗುತ್ತದೆ. ಕಾಳು ಬೆರಳಲ್ಲಿ ಹಿಚುಕಿದರೆ ಹಿಟ್ಟಾಗುವ ಹದಕ್ಕೆ ಬಂದ ಮೇಲೆಯೇ ಹುಳಿ ಹಾಕಿ.

ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಸರಿ. ಆದರೆ ಕಾಳಿನಲ್ಲಿರುವ ಬಿ-1 ಜೀವಸತ್ವ ಹಾಳಾಗುತ್ತದೆ. ರುಚಿಯೂ ಕೆಡುತ್ತದೆ. ನೆನೆಸುವುದೇ ಒಳ್ಳೆಯ ದಾರಿ.

ಎಂಟು ಹತ್ತು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಹೊಟ್ಟೆಯುಬ್ಬರ ತರುವ ಸಕ್ಕರೆಯಂಥ ಅಂಶ ಒಂದಷ್ಟು ನೆನೆದ ನೀರಿನ ಜೊತೆ ಹೋಗುತ್ತದೆ. ಒಣ ಅವರೆಯನ್ನು ಅರೆಬೆಂದ ಸ್ಥಿತಿಯಲ್ಲಿ ತಿನ್ನಬಾರದು. ಪ್ರೋಟೀನು ಅರಗಲು ಅಡ್ಡಿ ಮಾಡುವ ಅಂಶಗಳು ಹಸಿ ಕಾಳಿನಲ್ಲಿವೆ. ಚೆನ್ನಾಗಿ ಬೆಂದರೆ ಅವು ಅಡಗುತ್ತವೆ. ಅವರೆ ಬದಲು ರಾಜ್ಮಾ ಅಥವಾ ಒಣ ಹುರುಳಿಕಾಯಿ ಬೀಜ ಬಳಸುವವರಿಗೆ ಈ ಮಾತು ಇನ್ನೂ ಮುಖ್ಯ. ಅರೆಬೆಂದ ರಾಜ್ಮಾ ತಿಂದರೆ ವಾಂತಿ, ಭೇದಿ ಖಂಡಿತ ಬರಬಹುದು.

ಬೇಕಾಗುವ ಸಾಮಾನು (ಆರು ಜನರಿಗೆ)

ಶುಚಿ ಮಾಡಿದ ಕೋಳಿ ಒಂದು ಕಿಲೊ. ಒಣ ಅವರೆಕಾಳು ಕಾಲು ಕಿಲೊ. ಈರುಳ್ಳಿ ಮೂರು. ಬೆಳ್ಳುಳ್ಳಿ ಒಂದು ಗೆಡ್ಡೆ. ಶುಂಠಿ ಎರಡಂಗುಲ. ಧನಿಯ ಮೂರು ಚಮಚ. ಮೆಣಸು ಒಂದು ಚಮಚ. ಜೀರಿಗೆ ಅರ್ಧ ಚಮಚ. ಒಣಮೆಣಸಿನಕಾಯಿ ಆರೇಳು. ಚಕ್ಕೆ ಒಂದು ಚೂರು, ಲವಂಗ ಮೂರು. ತೆಂಗಿನ ತುರಿ ಎರಡು ಚಮಚ. ಟೊಮೆಟೊ ಎರಡು. ಅರಿಶಿನ, ಕೊತ್ತಂಬರಿ ಸೊಪ್ಪು, ಕರಿಬೇವು. ಎಣ್ಣೆ ಎರಡು ಚಮಚ. ಉಪ್ಪು ಎರಡು ಚಿಕ್ಕ ಚಮಚ. ಜೊತೆಗೆ ಎರಡು ಹಿಡಿ ನುಗ್ಗೆಸೊಪ್ಪು ಅಥವಾ ದಂಟಿನ ಸೊಪ್ಪು. ಒಂದು ನಿಂಬೆಹಣ್ಣು.

ಹಬ್ಬದ ಸಾರಿಗೆ ಹಾಕುವಷ್ಟು ಕಾಯಿ, ಗಸಗಸೆ, ಎಣ್ಣೆ ಇಲ್ಲಿ ಬೇಡ. ಊಟ ಮಾಡಿ ಮತ್ತೆ ಬಿಸಿಲಿಗೆ ಇಳಿಯಬೇಕಲ್ಲ. ಜಿಡ್ಡು ಹೆಚ್ಚಾದರೆ ಕಣ್ಣು ಎಳೆಯುತ್ತದೆ.

ಮಾಡುವ ಕ್ರಮ

ರಾತ್ರಿ ಮಲಗುವ ಮುಂಚೆ ಕಾಳು ನೆನೆಹಾಕಿ.

ಬೆಳಗ್ಗೆ ಕೋಳಿ ಶುಚಿ ಮಾಡುವಾಗ ಪಿತ್ತದ ಚೀಲ ಒಡೆಯದಂತೆ ನೋಡಿಕೊಳ್ಳಿ. ಒಡೆದರೆ ಸಾರೆಲ್ಲ ಕಹಿ. ಪುಕ್ಕ ತರಿದು, ಸುಟ್ಟು, ಅರಿಶಿನ ಹಚ್ಚಿ ತೊಳೆಯುವ ನಮ್ಮ ಪದ್ಧತಿ ಸರಿಯೇ. ಆದರೆ ಹಸಿ ಮಾಂಸ ತೊಳೆದ ನೀರು ಸೊಪ್ಪು, ಈರುಳ್ಳಿಯ ಮೇಲೆ ಸಿಡಿಯಬಾರದು. ಮಾಂಸ ಕೊಚ್ಚಿದ ಮಣೆ, ಮಚ್ಚು ಬೇರೆಯಾಗಿಯೇ ಇರಲಿ. ಕೈಗೆ ಸೋಪು ಹಾಕಿ ತೊಳೆದು ಮುಂದಿನ ಕೆಲಸಕ್ಕೆ ಹೋಗಿ. ಹೇಂಟೆಯ ಹೊಟ್ಟೆಯಲ್ಲಿ ಹಳದಿ ಕೊಬ್ಬು ಗೆಡ್ಡೆಗಟ್ಟಿರುತ್ತದೆ. ಒಂದು ಚೂರು ಒಗ್ಗರಣೆಗೆ ಇಟ್ಟುಕೊಂಡು ಉಳಿದದ್ದು ತೆಗೆದುಬಿಡಿ.

ದೊಡ್ಡ ಪಾತ್ರೆಯಲ್ಲಿ ಎಣ್ಣೆ, ಕರಿಬೇವು, ಹೆಚ್ಚಿದ ಒಂದು ಈರುಳ್ಳಿ ಬಾಡಿಸಿ. ಮಾಂಸ, ಅರಿಶಿನ ಹಾಕಿ ಅದರ ನೀರು ಇಂಗುವವರೆಗೆ ತಿರುವಿ. ಎರಡೂವರೆ ಲೀಟರು ಬಿಸಿನೀರು ಹಾಕಿ. ಕುದಿ ಬಂದ ಮೇಲೆ ಏಳುವ ನೊರೆ ತೆಗೆದು ಉರಿ ಇಳಿಸಿ ಮುಚ್ಚಿ. ಈಗ ಕೊಟ್ಟಿಗೆ ಕೆಲಸ, ಹಾಲು ಡೈರಿಗೆ ಹಾಕುವ ಕೆಲಸ ಮುಗಿಸಿಕೊಂಡು ಬನ್ನಿ. ನಡುವೆ ಒಮ್ಮೆ ನೀರು ನೋಡಿದರೆ ಸಾಕು.

ಕಾಳನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರಿನಲ್ಲಾದರೆ ಮೂರು ನಾಲ್ಕು ಕೂಗು. ಮಾಂಸದ ಜೊತೆ ಮೊದಲೇ ಹಾಕಿದರೆ ಕೋಳಿ ಬೇಯುವ ಹೊತ್ತಿಗೆ ಕಾಳು ಕರಗಿ ಅಂಬಲಿಯಾಗುತ್ತದೆ. ಬೆಂದ ಕಾಳಿನಲ್ಲಿ ಒಂದು ಹಿಡಿ ತೆಗೆದು ನುಣ್ಣಗೆ ಮಾಡಿ ಇಟ್ಟುಕೊಳ್ಳಿ. ಹುರಿಗಡಲೆ, ಗಸಗಸೆ ಇಲ್ಲದೆಯೇ ಸಾರು ಮಂದವಾಗಲು ಇದೇ ಸಾಕು.

ಧನಿಯ, ಮೆಣಸು, ಜೀರಿಗೆ, ಮೆಣಸಿನಕಾಯಿ, ಚಕ್ಕೆ, ಲವಂಗಗಳನ್ನು ಎಣ್ಣೆಯಿಲ್ಲದೆ ಘಮ್ಮೆನ್ನುವವರೆಗೆ ಹುರಿಯಿರಿ. ಉಳಿದೆರಡು ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟುಕೊಳ್ಳಿ. ಇವನ್ನೆಲ್ಲ ಶುಂಠಿ, ಬೆಳ್ಳುಳ್ಳಿ, ಕಾಯಿ, ಕೊತ್ತಂಬರಿ ಸೊಪ್ಪಿನ ಜೊತೆ ರುಬ್ಬಿ.

ಮಾಂಸ ಮೂಳೆಯಿಂದ ಬಿಡುವ ಹದಕ್ಕೆ ಬಂತೆಂದರೆ ಬೆಂದ ಕಾಳು, ನುಣ್ಣಗೆ ಮಾಡಿದ ಕಾಳು, ರುಬ್ಬಿದ ಮಸಾಲೆ, ಹೆಚ್ಚಿದ ಟೊಮೆಟೊ, ಉಪ್ಪು ಹಾಕಿ 20 ನಿಮಿಷ ಕುದಿಸಿ. ಕೊನೆಯ ಐದು ನಿಮಿಷಕ್ಕೆ ಸೊಪ್ಪು. ಇಳಿಸಿದ ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯಿರಿ. ಬೆಳಗ್ಗೆ ಏಳೂವರೆಗೆ ಒಲೆಗಿಟ್ಟರೆ ಹನ್ನೊಂದಕ್ಕೆಲ್ಲ ಸಾರು ಸಿದ್ಧ. ಆಮೇಲೆ ಮುದ್ದೆ ತೊಳೆಸಿದರೆ ಆಯಿತು.

ಹಸಿ ಅವರೆಯ ಕಾಲದಲ್ಲಿ, ಅಂದರೆ ಮಾರ್ಗಶಿರ, ಪುಷ್ಯದಲ್ಲಿ, ನೆನೆಸುವ ಕೆಲಸವೇ ಇಲ್ಲ. ಸೊಗಡಿನ ಕಾಳು ಸುಲಿದು ಕೊನೆಯ ಅರ್ಧ ಗಂಟೆಗೆ ಹಾಕಿ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳು ಚಳಿಗಾಲಕ್ಕೇ ಕಾಯದೆ ಬೇರೆ ಕಾಲದಲ್ಲೂ ಹೂ ಬಿಡುವುದರಿಂದ ನೀರಿನ ಆಸರೆ ಇದ್ದವರಿಗೆ ಹಸಿಕಾಳು ಉಳಿದ ತಿಂಗಳುಗಳಲ್ಲೂ ಸಿಗುತ್ತದೆ. ಅವರೆ ಇಲ್ಲದಿದ್ದರೆ ಅಲಸಂದೆ, ಹುರುಳಿಕಾಳು, ಹಸಿ ತೊಗರಿಕಾಳು ಯಾವುದಾದರೂ ಆದೀತು.

ಊಟದ ಹೊತ್ತಿನ ನಾಲ್ಕು ಮಾತು

ತಟ್ಟೆಗೆ ಬಡಿಸಿದ ಮೇಲೆ ನಿಂಬೆ ಹಿಂಡಿಕೊಳ್ಳಿ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸೇರಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಮಾಂಸ ಜೊತೆಗಿದ್ದರೂ ಕಾಳಿನ ಕಬ್ಬಿಣ ಹೆಚ್ಚು ಸೇರುತ್ತದೆ. ಊಟವಾದ ಕೂಡಲೇ ಟೀ, ಕಾಫಿ ಕುಡಿದರೆ ಈ ಲಾಭದಲ್ಲಿ ದೊಡ್ಡ ಪಾಲು ಹೋಯಿತು. ಒಂದು ಗಂಟೆ ತಡೆದು ಕುಡಿಯಿರಿ.

ಮೂಳೆ ಕುದಿಸಿದ ಸಾರು ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇದೆ. ಸಾರಿಗೆ ಇಳಿಯುವ ಸುಣ್ಣದ ಅಂಶ ತೀರಾ ಕಡಿಮೆ. ಅದಕ್ಕೆ ನಮ್ಮಲ್ಲಿ ರಾಗಿಯೇ ಇದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಸಿಗುತ್ತದೆ.

ಹೊಲಕ್ಕೆ ಬುತ್ತಿ ಒಯ್ಯುವವರು ಸಾರನ್ನು ಕುದಿಯುತ್ತಿರುವಾಗಲೇ ಪಾತ್ರೆಗೆ ತುಂಬಿ, ಎರಡು ಗಂಟೆಯೊಳಗೆ ಊಟ ಮಾಡಿ. ಮಾಂಸ, ಕಾಳಿನ ಸಾರು ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ವಾಸನೆ ಬರುವ ಮೊದಲೇ ಕೆಡುಕು ಬೆಳೆದಿರುತ್ತದೆ. ಉಳಿದದ್ದನ್ನು ರಾತ್ರಿಗೆ ಇಡುವುದಾದರೆ ಅಗಲ ಪಾತ್ರೆಗೆ ಸುರಿದು ಬೇಗ ಆರಿಸಿ, ಫ್ರಿಜ್ಜಿನಲ್ಲಿಡಿ, ತಿನ್ನುವ ಮುಂಚೆ ಕೊತಕೊತ ಕುದಿಸಿ. ಫ್ರಿಜ್ಜು ಇಲ್ಲದ ಮನೆಯಲ್ಲಿ ಒಂದೇ ಹೊತ್ತಿಗೆ ಆಗುವಷ್ಟು ಮಾತ್ರ ಮಾಡುವುದು ಲೇಸು. ಕೀಲುಗಳಲ್ಲಿ ಯೂರಿಕ್ ಆಮ್ಲದ ಬಾಧೆ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ ತಿನ್ನಿ.

ಕೊನೆಯದು ಬಡಿಸುವ ವಿಚಾರ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡ ಮೇಲೆ ಹೆಂಗಸರು ಕೂರುತ್ತಾರೆ. ಆಗ ಪಾತ್ರೆಯಲ್ಲಿ ಉಳಿದಿರುವುದು ತಿಳಿ ಮತ್ತು ಮೂಳೆ. ತಲಾ 28 ಗ್ರಾಂ ಎಂದು ಮೇಲೆ ಹಾಕಿದ ಲೆಕ್ಕ ಆಗ ಸುಳ್ಳಾಗುತ್ತದೆ. ಕಳೆ ಕೀಳುವವರು, ನಾಟಿ ಹಾಕುವವರು ಹೆಚ್ಚಾಗಿ ಅವರೇ. ರಕ್ತಹೀನತೆ ಹೆಚ್ಚು ಕಾಡುವುದೂ ಅವರನ್ನೇ. ಇದಕ್ಕೆ ಸುಲಭ ಉಪಾಯ: ಮೊದಲೇ ಮಾಂಸ, ಕಾಳನ್ನು ಆರು ಬಟ್ಟಲಿಗೆ ಸಮನಾಗಿ ಹಾಕಿ, ಆಮೇಲೆ ಸಾರು ಸುರಿಯುವುದು. ಯಾರು ಯಾವಾಗ ಉಂಡರೂ ಅವರ ಪಾಲು ಅಲ್ಲೇ ಇರುತ್ತದೆ. ಕೂಲಿಗೆ ಬಂದವರಿಗೆ ಊಟ ಕೊಡುವ ಮನೆಯಲ್ಲೂ ಇದೇ ಕ್ರಮ ಇರಲಿ.

ವರ್ಷಕ್ಕೆ ಎಷ್ಟು ಉಳಿಸಿಕೊಳ್ಳಬೇಕು?

ವಾರಕ್ಕೊಮ್ಮೆ ಕಾಲು ಕಿಲೊ ಕಾಳು ಎಂದರೆ ವರ್ಷಕ್ಕೆ 13 ಕಿಲೊ. ನೆಂಟರಿಷ್ಟರು, ಹುಳುಕು ಎಲ್ಲ ಸೇರಿ 20 ಕಿಲೊ ಇಟ್ಟರೆ ಧಾರಾಳ. ವ್ಯಾಪಾರಿ ಕಣಕ್ಕೆ ಬರುವ ಮುಂಚೆ ಇಷ್ಟನ್ನು ಅಳೆದು ಒಳಗೆ ಹಾಕಿ. ಚೆನ್ನಾಗಿ ಒಣಗಿಸಿ, ಕೆಮ್ಮಣ್ಣು ಕಟ್ಟಿ, ಮತ್ತೆ ಒಣಗಿಸಿ ಇಟ್ಟರೆ ಹುಳು ಬೀಳುವುದು ಕಡಿಮೆ. ಬಿತ್ತನೆಗೆ ಔಷಧಿ ಬೆರೆಸಿದ ಕಾಳು ಮಾತ್ರ ಅಡುಗೆಮನೆಯ ಹತ್ತಿರವೂ ಸುಳಿಯಬಾರದು.

ಕೋಳಿ ವಾರಕ್ಕೊಂದು ಸಿಗುವುದಿಲ್ಲ. ತಿಂಗಳಿಗೆ ಎರಡೆಂದರೆ ವರ್ಷಕ್ಕೆ 24. ಮೂರು ಹೇಂಟೆ ವರ್ಷಕ್ಕೆ ಎರಡೆರಡು ಸಲ ಮರಿ ಮಾಡಿ, ಪ್ರತಿ ಸಲ ಐದಾರು ಮರಿ ಮುಂಗುಸಿ, ಹದ್ದು, ರೋಗ ಎಲ್ಲ ತಪ್ಪಿಸಿಕೊಂಡು ದೊಡ್ಡದಾದರೆ 30ರಿಂದ 36 ಕೋಳಿ. ಕೊಕ್ಕರೆ ರೋಗಕ್ಕೆ ಕಾಲಕಾಲಕ್ಕೆ ಲಸಿಕೆ ಹಾಕಿಸಿದರೆ ಈ ಲೆಕ್ಕ ನಿಲ್ಲುತ್ತದೆ. ಉಳಿದೆರಡು ವಾರ ಇದೇ ಸಾರಿಗೆ ಕೋಳಿ ಬದಲು ಬೇಯಿಸಿದ ಮೊಟ್ಟೆ ಬಿಡಿ, ತಲೆಗೊಂದರಂತೆ. ಕಾಳು ಮಾತ್ರ ಕಡಿಮೆ ಮಾಡಬೇಡಿ.

ಈ ಸಲದ ಸುಗ್ಗಿಯಲ್ಲಿ 20 ಕಿಲೊ ಅವರೆ ಮೊದಲು ಮನೆಗೆ, ಉಳಿದದ್ದು ಮಾರಾಟಕ್ಕೆ. ಅಲ್ಲಿಂದ ಶುರು ಮಾಡಿ.